ಗಂಡನ ಊರಿನ ದಫ್ತರ

ನಮ್ಮ ಕಡೆ ಅವ್ವನ ತಾಯಿಗೆ ‘ಅಮ್ಮ’ ಅನ್ನುತ್ತಾರೆ. ನನ್ನ ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಎರಡು ವರ್ಷದ ಹಿಂದೆ ಹಿರೇಕೆರೂರು ತಾಲೂಕಿನ ಸಂಬಂಧಿಕರ ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ, ದಾಯಾದಿಯೊಬ್ಬರು ಅವಳನ್ನು ‘ಓಡಿ ಬಂದಾಕಿ ಮಗಳು’ ಅಂದರು. ಅಂದವರಿಗೆ ಅದು ಚೇಷ್ಟೆಯ ಮಾತು. ಅಮ್ಮ ಆ ಹೊತ್ತಿಗೆ ಏನೂ ಅನ್ನಲಿಲ್ಲ, ಎಲೆಯ ಮೇಲಿನ ಹುಗ್ಗಿಯನ್ನು ಮುಗಿಸಿಯೇ ಎದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕಡೆ ತಿರುಗಿ, “ನೀ ಕೋರ್ಟಿನ ಹಳೇ ಕಾಗದಾ ಓದತೀಯಲ್ಲವಾ, ನಮ್ಮವ್ವಂದೂ ಇರಬೇಕು ನೋಡು. ಅಕಿ ಓಡಿ ಬಂದಿದ್ದಿಲ್ಲ. ಕೋರ್ಟಿಗೆ ಹೋಗಿ ಬಂದಿದ್ಲು” ಎಂದಳು.

ನಾನು ಪಿಎಚ್.ಡಿ.ಗೆ ಹಿಡಿದುಕೊಂಡಿರುವ ವಿಷಯ ಮುಂಬಯಿ ಕರ್ನಾಟಕದ ಪೋಟಗಿ ದಾವೆಗಳು. ಪೋಟಗಿ ಅಂದರೆ ಜೀವನಾಂಶ. ಧಾರವಾಡ ಸೀಮೆಯ ಹಳೆಯ ಕಾಗದಗಳಲ್ಲಿ, ಇಂದಿಗೂ ಹಳ್ಳಿಯ ಮಾತಿನಲ್ಲಿ ಇರುವ ಶಬ್ದ. ಐದು ವರ್ಷದಿಂದ ಬೇರೆಯವರ ಮುತ್ತಜ್ಜಿಯರ ಪೋಟಗಿ ಕಾಗದ ಓದುತ್ತಿದ್ದವಳಿಗೆ ನನ್ನ ಮುತ್ತಜ್ಜಿಯ ಕಾಗದ ಹುಡುಕಬಹುದೆಂದು ಹೊಳೆದಿರಲಿಲ್ಲ. ನಾಚಿಕೆಯಾಯಿತು. ಸರಿ, ಒಂದು ವಾರದ ಕೆಲಸ ಅಂದುಕೊಂಡೆ. ಹದಿನಾಲ್ಕು ತಿಂಗಳು ಹಿಡಿಯಿತು.

ಅಮ್ಮನ ನೆನಪಿನಲ್ಲಿದ್ದ ಸಂಗತಿ ಇಷ್ಟು. ಮುತ್ತಜ್ಜಿಯ ತವರು ಸವಣೂರಿನ ನವಾಬರ ಹದ್ದಿನ ಒಂದು ಹಳ್ಳಿ. ಕೊಟ್ಟದ್ದು ಹಾನಗಲ್ಲ ತಾಲೂಕಿಗೆ. ಅಲ್ಲಿ ಬಾಳುವೆ ನಡೆಯಲಿಲ್ಲ. ಆಮೇಲೆ ಉಡಿಕಿಯಾಗಿ ಹಿರೇಕೆರೂರಿನ ಕಡೆ ಹೋದಳು, ಅಲ್ಲಿ ನನ್ನ ಅಮ್ಮ ಹುಟ್ಟಿದಳು. ಅಮ್ಮನನ್ನು ಶಿಗ್ಗಾವಿ ತಾಲೂಕಿಗೆ ಕೊಟ್ಟರು. ನನ್ನ ಅವ್ವ, ನಾನು ಅಲ್ಲಿಯವರು. ಕೋರ್ಟಿನ ಕಾಲ ಯಾವುದು ಎಂದು ಕೇಳಿದರೆ ಅಮ್ಮ ಇಸವಿ ಹೇಳಲಿಲ್ಲ. “ಮೈಲಾರ ಮಹಾದೇವನ್ನ ಗುಂಡು ಹಾಕಿ ಕೊಂದ್ರಲ್ಲ, ಆ ವರ್ಷ ಅಂತ ನಮ್ಮವ್ವ ಹೇಳತಿದ್ಲು” ಎಂದಳು. ಮೈಲಾರ ಮಹಾದೇವಪ್ಪ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1. ಇಸವಿ ಸಿಕ್ಕಿತು. ಊರುಗಳು ಗೊತ್ತಿದ್ದವು. ನಾಲ್ಕೂ ತಾಲೂಕು ಇವತ್ತು ಒಂದೇ ಹಾವೇರಿ ಜಿಲ್ಲೆಯಲ್ಲಿವೆ. ಇನ್ನೇನು ಬೇಕು?

ಮೊದಲು ಸವಣೂರಿಗೆ ಹೋದೆ. ಹೆಣ್ಣುಮಗಳು ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಾಳೆ, ತವರಿನವರು ವಕೀಲರನ್ನು ಹಿಡಿದಿದ್ದಾರೆ, ಹಾಗಾದರೆ ಕಾಗದ ತವರಿನ ಕಡೆಯೇ ಇರಬೇಕು ಎಂಬುದು ನನ್ನ ಲೆಕ್ಕ. ಆ ಲೆಕ್ಕ ಎರಡು ರೀತಿಯಲ್ಲಿ ತಪ್ಪಾಗಿತ್ತು.

ಒಂದನೆಯದು ಗಡಿಯ ವಿಚಾರ. ಈಗ ಶಿಗ್ಗಾವಿಯಿಂದ ಸವಣೂರಿಗೆ ಹೋಗುವವರಿಗೆ ದಾರಿಯಲ್ಲಿ ಗಡಿ ಅನ್ನುವಂಥದ್ದೇನೂ ಕಾಣುವುದಿಲ್ಲ. ಅದೇ ಮೆಣಸಿನಕಾಯಿ, ಅದೇ ಗೋವಿನಜೋಳ, ಸವಣೂರು ಹತ್ತಿರವಾದಂತೆ ಎಲೆಬಳ್ಳಿಯ ತೋಟ. ಆದರೆ 1948ರ ಮಾರ್ಚಿನವರೆಗೆ ಸವಣೂರು ಬ್ರಿಟಿಷ್ ಹಿಂದೂಸ್ತಾನವೇ ಅಲ್ಲ. ಆಫ್ಘನ್ ಮೂಲದ ನವಾಬರ ಸಂಸ್ಥಾನ. ಸುಮಾರು 70 ಚದರ ಮೈಲಿ ನೆಲ, 1901ರಲ್ಲಿ ಹದಿನೆಂಟು ಸಾವಿರ ಚಿಲ್ಲರೆ ಜನ. ಸುತ್ತ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ನಡುವೆ ಈ ತುಂಡು. ಧಾರವಾಡದ ಕಲೆಕ್ಟರರೇ ಬಹುಕಾಲ ಇದರ ಪೊಲಿಟಿಕಲ್ ಏಜೆಂಟರೂ ಆಗಿದ್ದರು. ಸಾಹಿತ್ಯ ಓದುವವರಿಗೆ ಬೇರೆ ರೀತಿ ಹೇಳುವುದಾದರೆ, 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಹುಟ್ಟಿನಿಂದ ನವಾಬರ ಪ್ರಜೆ. ಕಾಲೇಜಿಗೆಂದು ಧಾರವಾಡಕ್ಕೆ ಹೋದಾಗ ಕಾನೂನಿನ ಕಣ್ಣಿಗೆ ಅವರು ಸಂಸ್ಥಾನ ದಾಟಿ ಬ್ರಿಟಿಷ್ ಸೀಮೆಗೆ ಹೋದಂತೆ.

ಕಾನೂನಿನ ಕಣ್ಣು ಎಂಬುದು ಇಲ್ಲಿ ಬರೀ ಮಾತಿನ ಅಲಂಕಾರವಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ದೇಶೀ ಸಂಸ್ಥಾನದ ಕೋರ್ಟು ‘ವಿದೇಶಿ’ ಕೋರ್ಟು. ಸಂಸ್ಥಾನದಲ್ಲಿರುವ ಪ್ರತಿವಾದಿಗೆ ಸಮನ್ಸು ಮುಟ್ಟಿಸಲು ಪೊಲಿಟಿಕಲ್ ಏಜೆಂಟರ ಮೂಲಕ ಹೋಗುವ ದಾರಿಯನ್ನು ಅದು ತೋರಿಸುತ್ತದೆ. ಸಂಸ್ಥಾನದ ಕೋರ್ಟು ಕೊಟ್ಟ ಡಿಕ್ರಿ ಬ್ರಿಟಿಷ್ ಸೀಮೆಯಲ್ಲಿ ಜಾರಿಯಾಗಬೇಕಾದರೆ ಸರ್ಕಾರದ ಪ್ರಕಟಣೆ ಬೇಕು. ಮೂರು ತಾಸು ಚಕ್ಕಡಿಯಲ್ಲಿ ಕೂತರೆ ಸಿಗುವ ಊರು ಪುಸ್ತಕದಲ್ಲಿ ಪರದೇಶ. ಆದ್ದರಿಂದ ಮುತ್ತಜ್ಜಿ ಸವಣೂರಿನಲ್ಲಿ ಫಿರ್ಯಾದಿ ಕೊಟ್ಟಿದ್ದರೂ ಹಾನಗಲ್ಲ ತಾಲೂಕಿನ ಗಂಡನ ಮೇಲೆ ಅದರಿಂದ ಏನೂ ನಡೆಯುತ್ತಿರಲಿಲ್ಲ.

ಎರಡನೆಯ ತಪ್ಪನ್ನು ತಿದ್ದಿದವರು ಒಬ್ಬ ವಕೀಲರ ಗುಮಾಸ್ತರು. ನಿವೃತ್ತಿ ಎಂಬುದು ಆ ಕೆಲಸದಲ್ಲಿ ಇಲ್ಲವೇನೋ, ಎಪ್ಪತ್ತು ದಾಟಿದ್ದರೂ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಕಟ್ಟುಗಳನ್ನು ಹರವಿಕೊಂಡು ಕೂತಿರುತ್ತಿದ್ದರು. ನನ್ನ ಕಥೆ ಕೇಳಿ, “ಅಕ್ಕಾರ, ಹೆಣ್ಮಕ್ಕಳ ಕಾಗದಾನ ತವರಾಗ ಹುಡುಕಬ್ಯಾಡ್ರಿ. ಗಂಡನ ಊರಿನ ದಫ್ತರದಾಗ ಹುಡುಕ್ರಿ. ಕಾಯ್ದೆ ಹಂಗ ಐತಿ” ಎಂದರು. ಆ ಮಾತಿನ ಹಿಂದಿನ ಕಾಯ್ದೆಯನ್ನು ನಾನು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಎಷ್ಟೋ ಸಲ ಬರೆದಿದ್ದೆ. ಅದರ ಅರ್ಥ ಮಾತ್ರ ಆವತ್ತು ತಿಳಿಯಿತು.

1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮು ಹೆಂಡತಿ ಮಕ್ಕಳನ್ನು ಸಾಕದ ಗಂಡನಿಂದ ಮ್ಯಾಜಿಸ್ಟ್ರೇಟರು ಪೋಟಗಿ ಕೊಡಿಸುವ ಕಲಮು. ಮೊದಲು ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ, 1923ರ ತಿದ್ದುಪಡಿಯಲ್ಲಿ 100, 1955ರಲ್ಲಿ 500. ಈ ಮೊತ್ತಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದೇ ಕಲಮಿನ 8ನೇ ಉಪಕಲಮನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಫಿರ್ಯಾದಿ ಎಲ್ಲಿ ಕೊಡಬೇಕು? ಗಂಡ ವಾಸವಿರುವ ಜಿಲ್ಲೆಯಲ್ಲಿ, ಇಲ್ಲವೇ ಅವನು ಸಿಗುವ ಜಿಲ್ಲೆಯಲ್ಲಿ, ಇಲ್ಲವೇ ಅವನು ಕೊನೆಯ ಸಲ ಹೆಂಡತಿಯೊಂದಿಗೆ ಬಾಳಿದ ಜಿಲ್ಲೆಯಲ್ಲಿ. ಹೆಂಡತಿ ಈಗ ಎಲ್ಲಿದ್ದಾಳೆ ಎಂಬುದು ಆ ಪಟ್ಟಿಯಲ್ಲೇ ಇಲ್ಲ. ಹೊಡೆತ ತಿಂದು, ಉಟ್ಟ ಸೀರೆಯಲ್ಲಿ ತವರಿಗೆ ಬಂದವಳು ಪೋಟಗಿ ಕೇಳಬೇಕಾದರೆ ಮತ್ತೆ ಆ ಊರಿನ ಕಡೆಗೇ ಹೋಗಬೇಕು. ‘ಅಥವಾ ಅವನ ಹೆಂಡತಿ ವಾಸವಿರುವ’ ಎಂಬ ಅರ್ಥದ ಮಾತು ಸೇರಿದ್ದು 1973ರ ಹೊಸ ಸಂಹಿತೆಯ 126ನೇ ಕಲಮಿನಲ್ಲಿ. ಅದು ಜಾರಿಗೆ ಬಂದದ್ದು 1974ರ ಏಪ್ರಿಲ್ 1ಕ್ಕೆ. ವಿಚ್ಛೇದನಕ್ಕೆ ಸಂಬಂಧಿಸಿದಂತೆ ಇನ್ನೂ ತಡ: 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನಲ್ಲಿ, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ವಾಸವಿರುವ ಕಡೆಯ ಕೋರ್ಟಿಗೂ ಹೋಗಬಹುದು ಎಂದು ಸೇರಿಸಿದ್ದು 2003ರಲ್ಲಿ. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ.

ಸಿವಿಲ್ ದಾವೆಯಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಪ್ರತಿವಾದಿ ಇರುವಲ್ಲಿ ಅಥವಾ ದಾವೆಯ ಕಾರಣ ಹುಟ್ಟಿದಲ್ಲಿ ಹೂಡಬೇಕು. ಸಾಲದ್ದಕ್ಕೆ 1908ರ ಸಂಹಿತೆಯ 25ನೇ ಆದೇಶದಲ್ಲಿ ಎರಡು ತೊಡಕುಗಳಿದ್ದವು. ವಾದಿ ಬ್ರಿಟಿಷ್ ಸೀಮೆಯ ಹೊರಗಿನವರಾಗಿದ್ದು ಒಳಗೆ ಸ್ಥಿರಾಸ್ತಿ ಇಲ್ಲದಿದ್ದರೆ ಪ್ರತಿವಾದಿಯ ಖರ್ಚಿಗೆ ಜಾಮೀನು ಕೊಡಬೇಕು. ಹಣದ ದಾವೆಯಲ್ಲಿ ವಾದಿ ಹೆಂಗಸಾಗಿದ್ದರೆ, ಅವಳು ಎಲ್ಲಿಯವಳೇ ಇರಲಿ, ಆಸ್ತಿ ಸಾಲದೆಂದು ಕಂಡರೆ ಅವಳಿಂದಲೂ ಅಂಥ ಜಾಮೀನು ಕೇಳಬಹುದು. ಆ ಉಪನಿಯಮ ಈಗಿಲ್ಲ. ಮುತ್ತಜ್ಜಿಗೆ ಮಾತ್ರ ಎರಡೂ ಅನ್ವಯಿಸುತ್ತಿದ್ದವು: ನವಾಬರ ಹದ್ದಿನವಳು, ಮೇಲೆ ಹೆಂಗಸು.

ಇದು ನಮ್ಮಲ್ಲಿ ಮಾತ್ರ ಇರುವ ವಿಚಿತ್ರವೂ ಅಲ್ಲ. ಅಮೆರಿಕದ ಅಟ್ಲಾಂಟಾ ನಗರ ಫುಲ್ಟನ್, ಡಿಕ್ಯಾಲ್ಬ್ ಎಂಬ ಎರಡು ಕೌಂಟಿಗಳಲ್ಲಿ ಹರಡಿಕೊಂಡಿದೆ. ಊರು ಒಂದೇ, ಕೋರ್ಟಿನ ದಾಖಲೆ ಕೋಣೆ ಎರಡು. ಅಲ್ಲಿ ಅಜ್ಜಿಯ ವಿಚ್ಛೇದನದ ಕಾಗದ ಹುಡುಕುವ ಮೊಮ್ಮಗಳು ಮೊದಲು ಕೇಳಿಕೊಳ್ಳಬೇಕಾದ್ದು ‘ಅಜ್ಜ ಆಗ ರಸ್ತೆಯ ಯಾವ ಬದಿಗೆ ಇದ್ದ’ ಎಂದು. ಏಕೆಂದರೆ ಜಾರ್ಜಿಯಾ ರಾಜ್ಯದ ಸಂವಿಧಾನವೇ ವಿಚ್ಛೇದನದ ಮೊಕದ್ದಮೆ ಪ್ರತಿವಾದಿ ವಾಸಿಸುವ ಕೌಂಟಿಯಲ್ಲಿ ನಡೆಯಬೇಕು ಎನ್ನುತ್ತದೆ. ಅಲ್ಲಿ ಪ್ರತಿವಾದಿ ಗಂಡನೂ ಆಗಬಹುದು ಹೆಂಡತಿಯೂ ಆಗಬಹುದು. 1943ರ ಹಾನಗಲ್ಲ ಸೀಮೆಯಲ್ಲಿ ಪೋಟಗಿಯ ಪ್ರತಿವಾದಿ ಯಾವಾಗಲೂ ಗಂಡನೇ.

ಹಾಗಾಗಿ ಸವಣೂರನ್ನು ಬಿಟ್ಟು ಗಂಡನ ತಾಲೂಕಿನ ಜಾಡು ಹಿಡಿದೆ. ಇಲ್ಲಿ ಈ ಸೀಮೆಯ ಕಾಗದ ಹುಡುಕುವ ಯಾರಿಗಾದರೂ ಉಪಯೋಗವಾಗುವ ಒಂದು ಮಾತು ಹೇಳಬೇಕು. ಹಳೆಯ ಕಾಗದದಲ್ಲಿ ಹಾನಗಲ್ಲು ಹಾನಗಲ್ಲೇ. ಶಿಗ್ಗಾವಿ ಮಾತ್ರ ಶಿಗ್ಗಾವಿಯಲ್ಲ. 1884ರ ಧಾರವಾಡ ಗ್ಯಾಸೆಟಿಯರ್ ತೆರೆದರೆ ಅಲ್ಲಿ ‘ಬಂಕಾಪುರ’ ತಾಲೂಕು ಇದೆ, ಅದರ ಕಚೇರಿ ಇದ್ದದ್ದು ಶಿಗ್ಗಾವಿಯಲ್ಲಿ. ಹಿರೇಕೆರೂರು ತಾಲೂಕಿನ ಹೆಸರು ‘ಕೋಡ’. ಹಾವೇರಿಯದು ‘ಕರಜಗಿ’. ಸವಣೂರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಅದು ಸಂಸ್ಥಾನಗಳ ಭಾಗದಲ್ಲಿ. ‘ಕೋಡ ತಾಲೂಕಾ’ ಎಂದು ಬರೆದ ಕಟ್ಟೊಂದನ್ನು ನಾನು ಯಾವುದೋ ಹಳ್ಳಿಯದೆಂದು ಪಕ್ಕಕ್ಕಿಟ್ಟು ಮೂರು ವಾರ ಕಳೆದುಕೊಂಡಿದ್ದೇನೆ. ಪಿಎಚ್.ಡಿ. ಮಾರ್ಗದರ್ಶಕರಿಗೆ ಇದನ್ನು ಹೇಳಿಲ್ಲ.

ಮೇಲ್ಮನವಿಯ ಜಾಡು ಇನ್ನೂ ದೂರಕ್ಕೆ ಎಳೆಯುತ್ತದೆ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆಯ ದಾವೆಗಳ ಮೇಲ್ಮನವಿ ಹೋಗುತ್ತಿದ್ದದ್ದು ಮುಂಬಯಿ ಹೈಕೋರ್ಟಿಗೆ. ಆಮೇಲೆ ಬೆಂಗಳೂರಿಗೆ. 2008ರ ಜುಲೈಯಿಂದ ಧಾರವಾಡದಲ್ಲೇ ಹೈಕೋರ್ಟಿನ ಪೀಠ, 2013ರಲ್ಲಿ ಅದು ಕಾಯಂ ಆಯಿತು. ಜಿಲ್ಲಾ ಮಟ್ಟದಲ್ಲಿ ನೋಡಿದರೆ 1997ರ ಆಗಸ್ಟಿನಲ್ಲಿ ಹಾವೇರಿ ಜಿಲ್ಲೆಯಾಗುವ ತನಕ ಎಲ್ಲಕ್ಕೂ ಧಾರವಾಡವೇ. ಹೀಗೆ ಒಂದೇ ಹೊಲದ, ಒಂದೇ ಮನೆತನದ ಜಗಳ ಮೂರು ತಲೆಮಾರು ನಡೆದರೆ ಅದರ ಕಾಗದ ಮೂರು ನಗರಗಳಲ್ಲಿ ಇರುತ್ತದೆ. ಮನೆತನ ಮಾತ್ರ ಆ ಹೊಲ ಬಿಟ್ಟು ಎಲ್ಲೂ ಹೋಗಿರುವುದಿಲ್ಲ.

ಮುತ್ತಜ್ಜಿಯದು ಮೇಲ್ಮನವಿಯವರೆಗೆ ಹೋಗುವಂಥ ಮನೆತನವಲ್ಲ. ಕೆಳಗಿನ ಕೋರ್ಟಿನ ಕಡತವೇ ಬೇಕಿತ್ತು. ಒಂದು ದಾಖಲೆ ಕೋಣೆಯಲ್ಲಿ (ಯಾವುದೆಂದು ಬೇಡ) ಅರ್ಜಿ ಕೊಟ್ಟೆ. ದಾವೆಯ ನಂಬರು ಕೇಳಿದರು. ನಂಬರು ಗೊತ್ತಿದ್ದರೆ ನಾನೇಕೆ ಹುಡುಕುತ್ತಿದ್ದೆ? ನಂಬರಿಲ್ಲದೆ ರಿಜಿಸ್ಟರು ತೆಗೆಯಲಾಗದು, ರಿಜಿಸ್ಟರು ತೆಗೆಯದೆ ನಂಬರು ಸಿಗದು. ನಾಲ್ಕು ಸಲ ಅಲೆದ ಮೇಲೆ, ಆ ವರ್ಷಗಳ ಪೋಟಗಿ ಕಡತಗಳು ‘ಡಿಸ್ಟ್ರಾಯ್’ ಆಗಿವೆ ಎಂಬ ಉತ್ತರ ಬಂತು. ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಅದೂ ಕಾನೂನಿನ ಪ್ರಕಾರವೇ. 1917ರ ದಾಖಲೆ ನಾಶ ಕಾಯ್ದೆ ಯಾವ ಕಾಗದವನ್ನು ಎಷ್ಟು ವರ್ಷ ಇಟ್ಟು ಸುಡಬೇಕೆಂಬ ನಿಯಮ ಮಾಡುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿತು. ಆಸ್ತಿಯ ಹಕ್ಕು ತೀರ್ಮಾನಿಸುವ ತೀರ್ಪು, ಡಿಕ್ರಿಗಳಿಗೆ ಹೆಚ್ಚು ಆಯುಷ್ಯ. ಸಾಕ್ಷಿ ಹೇಳಿಕೆ, ಅರ್ಜಿ, ಸಮನ್ಸುಗಳಿಗೆ ಕಡಿಮೆ. ಅಂದರೆ ಹೊಲ ಯಾರದಾಯಿತು ಎಂಬ ಕಾಗದ ಉಳಿಯುತ್ತದೆ. ‘ನನ್ನನ್ನು ಯಾಕೆ ಹೊರಗೆ ಹಾಕಿದರು’ ಎಂದು ಹೆಣ್ಣುಮಗಳು ಕೋರ್ಟಿನಲ್ಲಿ ನಿಂತು ಆಡಿದ ಮಾತಿನ ಕಾಗದ ಮೊದಲು ಹೋಗುತ್ತದೆ.

ಹೋದ ಕಾಗದಕ್ಕೆಲ್ಲ ಸರ್ಕಾರವನ್ನೇ ದೂರುವಂತೆಯೂ ಇಲ್ಲ. 1942-43ರ ಚಳವಳಿಯಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಎಷ್ಟೋ ಊರುಗಳ ಚಾವಡಿಯ ದಫ್ತರಕ್ಕೆ ನಮ್ಮವರೇ ಬೆಂಕಿ ಇಟ್ಟರು. ಕಂದಾಯದ ಲೆಕ್ಕ ಸುಟ್ಟರೆ ಬ್ರಿಟಿಷರ ಬುಡ ಸುಟ್ಟಂತೆ ಎಂಬುದು ಆಗಿನ ತರ್ಕ, ಅದರಲ್ಲಿ ಹುರುಳೂ ಇತ್ತು. ಮೈಲಾರ ಮಹಾದೇವಪ್ಪನವರನ್ನು ನಾನು ಚಿಕ್ಕಂದಿನಿಂದ ಕೈಮುಗಿಯುತ್ತ ಬಂದವಳು. ಆದರೂ ಆ ವರ್ಷದ ದಫ್ತರ ಹುಡುಕುವಾಗ, ಸುಟ್ಟ ಕಟ್ಟುಗಳಲ್ಲಿ ಯಾರ ಯಾರ ಮುತ್ತಜ್ಜಿಯರಿದ್ದರೋ ಎಂಬ ಯೋಚನೆ ಬಾರದೆ ಇರಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಕೋರ್ಟಿನಲ್ಲಲ್ಲ, ಹೊಲದಲ್ಲಿ. ಅದೇ ಗುಮಾಸ್ತರು, “ಪೋಟಗಿ ದಿವಾಣಿ ದಾವೇದಾಗ ಆಗಿದ್ರ ಹೊಲದ ಮ್ಯಾಲೆ ಬೋಜಾ ಕೂರಸಿರತಾರ್ರಿ. ಡೈರಿ ನೋಡ್ರಿ” ಎಂದರು. ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ದಕ್ಷಿಣದವರು ಪಹಣಿ ಅನ್ನುವುದನ್ನು ನಾವು ಉತಾರ ಅನ್ನುತ್ತೇವೆ. ಹೊಲದ ಹಕ್ಕಿನಲ್ಲಿ ಬದಲಾವಣೆಯಾದಾಗ, ಅಂದರೆ ಖರೀದಿ, ವಾಟ್ನಿ, ವಾರಸಾ ಏನೇ ಆಗಲಿ, ಅದನ್ನು ಬರೆದುಕೊಳ್ಳುವ ಪುಸ್ತಕ ಡೈರಿ. ಸಾಲವೋ ಇನ್ನಾವುದೋ ಭಾರವೋ ಹೊಲದ ಮೇಲೆ ಕೂತರೆ ಅದು ಬೋಜಾ. ಮುಂಬಯಿ ಸರ್ಕಾರ 1903ರ ಕಾಯ್ದೆಯಿಂದ ಈ ಹಕ್ಕು ದಾಖಲೆಯ ಪದ್ಧತಿಯನ್ನು ತಂದಿತು. ತಲಾಟಿಯೋ ಕುಲಕರ್ಣಿಯೋ ಬರೆಯಬೇಕು, ಸಂಬಂಧಪಟ್ಟವರಿಗೆ ನೋಟೀಸು ಹೋಗಬೇಕು, ತಕರಾರಿಗೆ ಸಮಯ ಕೊಡಬೇಕು, ಮೇಲಿನ ಅಧಿಕಾರಿ ನೋಡಿ ಮಂಜೂರು ಮಾಡಬೇಕು. ಕಂದಾಯಕ್ಕಾಗಿ ಮಾಡಿದ ವ್ಯವಸ್ಥೆ. ಆದರೆ ಕೋರ್ಟಿನ ಕಡತ ಸತ್ತ ಮೇಲೂ ಅದರ ಒಂದು ಎಳೆ ಈ ಪುಸ್ತಕದಲ್ಲಿ ಉಳಿದುಬಿಡುತ್ತದೆ.

ಉತಾರಗಳು ‘ಭೂಮಿ’ ತಂತ್ರಾಂಶಕ್ಕೆ ಬಂದಿವೆ. ನಲವತ್ತರ ದಶಕದ ಕೈಬರಹದ ಡೈರಿಗೆ ಮಾತ್ರ ದಾಖಲೆ ಕೋಣೆಗೇ ಹೋಗಬೇಕು. ಅಲ್ಲಿಯೂ ಒಂದು ತೊಡಕು: ಅದೂ ಗಂಡಸಿನ ಹೆಸರಿನಲ್ಲೇ ಹುಡುಕಬೇಕಾದ ಪುಸ್ತಕ. ಮುತ್ತಜ್ಜಿಯ ಮೊದಲ ಗಂಡನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಅದನ್ನು ಉಚ್ಚರಿಸದೆ ಎಂಬತ್ತು ವರ್ಷ ಕಳೆದಿತ್ತು. ಊರು, ಅಡ್ಡಹೆಸರು ಅಷ್ಟೇ. ಆ ಅಡ್ಡಹೆಸರಿನ ಖಾತೆಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋದೆ. ನುಸಿ ತಿಂದ ಅಂಚು, ಕನ್ನಡದ ನಡುವೆ ಸದರಹು, ಮಜಕೂರ, ಬಾಬತ, ಮಯತ ಎಂಬ ಮರಾಠಿ ಕಚೇರಿಯ ಶಬ್ದಗಳು, ಒಬ್ಬ ತಲಾಟಿಯ ಮುತ್ತಿನಂಥ ಅಕ್ಷರ ಮುಗಿದು ಇನ್ನೊಬ್ಬನ ಕೋಳಿಕಾಲು. ಎರಡನೆಯ ದಿನ ಮಧ್ಯಾಹ್ನ ಸಿಕ್ಕಿತು.

ಒಂದಲ್ಲ, ಎರಡು ನೋಂದುಗಳು. ಮೊದಲನೆಯದು 1943ರ ಮಳೆಗಾಲದ್ದು. ದಿವಾಣಿ ಕೋರ್ಟಿನ ರಾಜಿ ಡಿಕ್ರಿಯ ಪ್ರಕಾರ ಖಾತೆದಾರನ ಹೆಂಡತಿಗೆ, ಅಲ್ಲಿ ಅವಳ ಹೆಸರಿದೆ, ಹಾಲಿ ವಸ್ತಿ ಸವಣೂರು ಸಂಸ್ಥಾನ ಎಂದಿದೆ, ವರ್ಷಕ್ಕೆ 60 ರೂಪಾಯಿ ಮತ್ತು ಎರಡು ಚೀಲ ಜೋಳ ಪೋಟಗಿ ಕೊಡಬೇಕು. ಆ ಬಾಬತ್ತು ಇಂತಿಂಥ ಹೊಲದ ಮೇಲೆ ಬೋಜಾ. ಎರಡನೆಯದು ಒಂದೂವರೆ ವರ್ಷದ ನಂತರದ್ದು. ಉಭಯತರ ನಡುವೆ ಪಂಚರ ಸಮಕ್ಷಮ ಸೋಡಚೀಟಿಯಾಗಿದೆ, ಅವಳ ಪೋಟಗಿಯ ಹಕ್ಕು ತೀರಿದೆ, ಆದ್ದರಿಂದ ಬೋಜಾ ಕಮ್ಮಿ. ಕೆಳಗೆ ಒಂದು ಹೆಬ್ಬೆಟ್ಟು. ಪಕ್ಕದಲ್ಲಿ ಅದು ಅವಳದೆಂದು ಸಣ್ಣ ಅಕ್ಷರದ ಬರಹ.

ಈ ಎರಡು ನೋಂದುಗಳಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ? ಸಂಶೋಧಕಿಯಾಗಿ ನಾನು ಹುಷಾರಾಗಿರಬೇಕು. ರಾಜಿ ಡಿಕ್ರಿ ತಪ್ಪು ಯಾರದು ಎಂದು ತೀರ್ಮಾನಿಸುವುದಿಲ್ಲ. ಆದರೆ ಆಗಿನ ಹಿಂದೂ ನ್ಯಾಯದಲ್ಲಿ ಸಕಾರಣವಿಲ್ಲದೆ ಗಂಡನ ಮನೆ ಬಿಟ್ಟವಳಿಗೆ ಬೇರೆ ವಾಸದ ಪೋಟಗಿಯ ಹಕ್ಕಿರಲಿಲ್ಲ. ಹೆಂಡತಿ ಸುಮ್ಮನೆ ಓಡಿಹೋಗಿದ್ದರೆ ಯಾವ ರೈತ ತನ್ನ ಹೊಲದ ಮೇಲೆ ಬೋಜಾ ಕೂರಿಸಿಕೊಳ್ಳುತ್ತಾನೆ? ಅವನ ಕಡೆಯವರಿಗೆ ಸೋಲುವ ಭಯ ಇತ್ತು ಅನ್ನುವಷ್ಟನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಎರಡನೆಯ ನೋಂದು ನನಗೆ ಇನ್ನೂ ಮುಖ್ಯ. ಗಂಡ ಬದುಕಿರುವಾಗ ಉಡಿಕಿಯಾಗುವುದು ನಮ್ಮ ಸೀಮೆಯ ಅನೇಕ ಜಾತಿಗಳಲ್ಲಿ ರೂಢಿಯಲ್ಲಿತ್ತು. ಆದರೆ ಬ್ರಿಟಿಷ್ ಕೋರ್ಟು ಆ ರೂಢಿಯನ್ನು ಅರ್ಧ ಮಾತ್ರ ಒಪ್ಪಿತ್ತು. 1876ರಲ್ಲಿ ಸಂಭು ರಘು ಎಂಬುವನ ಮೊಕದ್ದಮೆಯಲ್ಲಿ ಮುಂಬಯಿ ಹೈಕೋರ್ಟು, ಗಂಡನ ಒಪ್ಪಿಗೆಯಿಲ್ಲದೆ ಜಾತಿಯವರು ಮದುವೆ ಮುರಿದು ಹೆಣ್ಣಿಗೆ ಮರುಮದುವೆಯ ಅಪ್ಪಣೆ ಕೊಡುವ ಅಧಿಕಾರವನ್ನು ಮಾನ್ಯ ಮಾಡುವುದಿಲ್ಲ ಎಂದಿತು. ಸೋಡಚೀಟಿಯಿಲ್ಲದೆ ಉಡಿಕಿಯಾದವಳು ದಂಡ ಸಂಹಿತೆಯ 494ನೇ ಕಲಮಿನಡಿ ಅಪರಾಧಿಯಾಗಬಹುದಿತ್ತು. ಅದೇ ಕಾಲದಲ್ಲಿ ಗಂಡ ಎರಡೋ ಮೂರೋ ಮದುವೆಯಾದರೆ ಯಾವ ಕಲಮೂ ಇಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಹಿಂದೂ ಗಂಡಸರ ದ್ವಿಪತ್ನಿತ್ವ ನಿಷೇಧವಾದದ್ದು 1946ರಲ್ಲಿ. ಅದನ್ನು ಪ್ರಶ್ನಿಸಿದ ನರಸು ಅಪ್ಪಾ ಮಾಳಿ ಮೊಕದ್ದಮೆ 1951ರಲ್ಲಿ ಮುಗಿಯಿತು, ನಮ್ಮ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಓದುತ್ತಾರೆ. ಹಿಂದೂ ವಿಚ್ಛೇದನದ ಮುಂಬಯಿ ಕಾಯ್ದೆ ಬಂದದ್ದು 1947ರಲ್ಲಿ. ಅದೂ ಆಗ ಬ್ರಿಟಿಷ್ ಸೀಮೆಗಷ್ಟೇ. ಹಾನಗಲ್ಲಿನವಳು ಆ ಕಾಯ್ದೆ ಹಿಡಿದು ಕೋರ್ಟಿಗೆ ಹೋಗಬಹುದಾಗಿದ್ದ ದಿನ ಸವಣೂರಿನವಳಿಗೆ ಅದು ಸಿಗುತ್ತಿರಲಿಲ್ಲ. 1943ರ ಮುತ್ತಜ್ಜಿಗೆ ಈ ಯಾವುದೂ ಇರಲಿಲ್ಲ. ಇದ್ದದ್ದು ಸೋಡಚೀಟಿ ಒಂದೇ, ಅದನ್ನು ಕೊಡುವವನು ಗಂಡ. ಈಗ ಎರಡು ನೋಂದುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲು ಅವನ ಹೊಲದ ಮೇಲೆ ಭಾರ ಕೂರಿಸಿದಳು. ಆ ಭಾರ ಇಳಿಸಿಕೊಳ್ಳಬೇಕಾದರೆ ಅವನು ಸೋಡಚೀಟಿ ಕೊಡಬೇಕಾಯಿತು. ಇದು ಅವಳು ಹೂಡಿದ ಆಟವೋ ಪಂಚರ ಉಪಾಯವೋ ತಾನಾಗಿಯೇ ಹಾಗೆ ಕೂಡಿಬಂತೋ, ಹೆಬ್ಬೆಟ್ಟು ಹೇಳುವುದಿಲ್ಲ. ನನಗೆ ಮಾತ್ರ ಅವಳದೇ ಆಟ ಎಂದು ನಂಬಲು ಆಸೆ.

ಆ ಸೋಡಚೀಟಿಯ ಕಾಗದ ಯಾವ ದಫ್ತರದಲ್ಲೂ ಇರಲು ಕಾರಣವಿಲ್ಲ. ಪಂಚರ ಮುಂದೆ ಬರೆದದ್ದು ಅವಳ ಟ್ರಂಕಿನಲ್ಲಿ ಇದ್ದಿರಬೇಕು, ಅವಳೊಂದಿಗೇ ಹಾನಗಲ್ಲ ಸೀಮೆಯಿಂದ ಸವಣೂರು, ಸವಣೂರಿಂದ ಹಿರೇಕೆರೂರು ತಿರುಗಿರಬೇಕು.

ಇವತ್ತಿನ ಹೆಣ್ಣುಮಕ್ಕಳು ಹೂಡುವ ದಾವೆಗಳನ್ನು ಎಂಬತ್ತು ವರ್ಷದ ನಂತರ ಹುಡುಕುವವರಿಗೆ ಇಷ್ಟು ಕಷ್ಟವಾಗಲಿಕ್ಕಿಲ್ಲ. ತವರಿನ ತಾಲೂಕಿನಲ್ಲೇ ಹೂಡಬಹುದು. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಗೆ ಮಾತ್ರ ಪ್ರತ್ಯೇಕ ಕೋರ್ಟನ್ನು ಕಡ್ಡಾಯ ಮಾಡಿದ್ದು, ಆದರೂ ಸಣ್ಣ ಊರುಗಳಲ್ಲಿ ಮಾಮೂಲು ಕೋರ್ಟುಗಳೇ ಈ ಕೆಲಸ ನೋಡುತ್ತವೆ. ಪ್ರತಿ ಮೊಕದ್ದಮೆಗೂ ಹದಿನಾರು ಅಕ್ಷರ-ಅಂಕಿಗಳ ಸಿಎನ್ಆರ್ ನಂಬರು ಇದೆ, ಮೊಬೈಲಿನಲ್ಲೇ ತಾರೀಖು ನೋಡಬಹುದು. ಅದನ್ನು ಮದುವೆಯ ಫೋಟೊ ಇಡುವ ಕಡೆಯೇ ಬರೆದಿಡಿ ಎಂದು ನನ್ನ ಗೆಳತಿಯರಿಗೆ ಹೇಳುತ್ತಿರುತ್ತೇನೆ, ಅವರು ಬಯ್ಯುತ್ತಾರೆ. ಪ್ರಮಾಣಿತ ನಕಲು ಕಕ್ಷಿದಾರರಿಗೆ ಸುಲಭ. ಹೊರಗಿನವರಾದರೆ ಯಾತಕ್ಕೆ ಬೇಕೆಂದು ಪ್ರಮಾಣಪತ್ರ ಸಲ್ಲಿಸಬೇಕು. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮು ಈ ಮೊಕದ್ದಮೆಗಳ ವಿವರ ಅಚ್ಚುಮಾಡುವುದನ್ನೇ ತಡೆಯುತ್ತದೆ. ಸಂಶೋಧಕಿಗೆ ಅದು ಅಡ್ಡಿ, ಆದರೆ ಆ ಅಡ್ಡಿ ಇರಲಿ ಎಂದೇ ನನ್ನ ಅಭಿಪ್ರಾಯ. ಮುತ್ತಜ್ಜಿಯ ಹೆಸರನ್ನು, ಆ ಹಳ್ಳಿಗಳ ಹೆಸರನ್ನು ಇಲ್ಲಿ ಬರೆಯದೇ ಇರುವುದೂ ಅದೇ ಕಾರಣಕ್ಕೆ. ಮೊದಲ ಗಂಡನ ಮೊಮ್ಮಕ್ಕಳು ಆ ಹೊಲವನ್ನು ಈಗಲೂ ಉಳುತ್ತಿದ್ದಾರೆ. ಅವರ ಅಜ್ಜನ ಕಡೆಯ ಕಥೆ ಬೇರೆ ಇರಬಹುದು.

ನಕಲು ಕೈಗೆ ಬಂದ ದಿನ ಅಮ್ಮನ ಹತ್ತಿರ ಹೋದೆ. ಹೊರಸಿನ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮೊದಲನೆಯ ನೋಂದನ್ನು ಓದಿದೆ. ಎರಡನೆಯದನ್ನು ಓದಿದೆ. ಸೋಡಚೀಟಿ ಎಂಬ ಶಬ್ದ ಬಂದಾಗ ಕೈ ನಿಲ್ಲಿಸಿ ತಲೆ ಆಡಿಸಿದಳು, ತನಗೆ ಗೊತ್ತಿದ್ದದ್ದೇ ಎಂಬಂತೆ. ಹೆಬ್ಬೆಟ್ಟಿನ ನಕಲು ತೋರಿಸಿದೆ. ಕನ್ನಡಕ ಹಾಕಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಅಕಿ ಹೆಬ್ಬಟ್ಟಿನ್ಯಾಗ ಕುಡುಗೋಲು ತಾಗಿದ್ದ ಗುರುತು ಇತ್ತು. ಇದ್ರಾಗ ಕಾಣವಲ್ದು” ಎಂದಳು.

“ಝೆರಾಕ್ಸ್ ಐತಲ್ಲಮ್ಮ, ಮಸುಕಾಗಿರತೈತಿ.”

“ಹಂಗಾರ ಅಸಲ ನೋಡಬೇಕು. ನನ್ನ ಕರಕೊಂಡ ಹೋಗತೀಯೇನು?” ಎಂದು ಕೇಳಿ, ಸ್ವಲ್ಪ ತಡೆದು, “ಎರಡು ಚೀಲ ಜೋಳಾ ಆ ಒಂದೂವರಿ ವರ್ಷ ಕೊಟ್ಟಾನೋ ಇಲ್ಲೋ, ಅದನ್ನ ಎಲ್ಲೆರ ಬರದಾರೇನು ನೋಡು” ಎಂದಳು.